ಕಾಕಾನ ಬೀಡಿ, ವಿಮಾನದ ಕಾಯಿದೆ

ನಮ್ಮ ಕಾಕಾ ಸಾಲಿಯ ಕಟ್ಟೆ ಹತ್ತಿದವನಲ್ಲ, ಆದರೆ ನಾಲ್ಕು ಲಿಪಿ ಓದುತ್ತಾನೆ. ಎಂ.ಎ. ಮಾಡಿದ ನನಗೇ ಮೂರು ಬರುತ್ತವೆ! ನಮ್ಮ ಮನೆತನದಲ್ಲಿ ಪದವಿಯ ಮುಖ ನೋಡಿದ ಮೊದಲನೆಯವಳು ನಾನು ಎಂದು ಬೀದರಿನ ತುಂಬಾ ಹೇಳಿಕೊಂಡು ತಿರುಗುವವಳು, ಕಾಕಾನ ಎದುರು ಮಾತ್ರ ದನಿ ಸ್ವಲ್ಪ ತಗ್ಗಿಸುತ್ತೇನೆ. ಕನ್ನಡ, ಮರಾಠಿ, ತೆಲುಗು, ಇಂಗ್ಲಿಷ್, ಯಾವ ಬೋರ್ಡು ತೋರಿಸಿದರೂ ಅವನು ತಡವರಿಸದೆ ಓದಿಬಿಡುತ್ತಾನೆ. ಒಂದೇ ಷರತ್ತು. ಆ ಬೋರ್ಡಿನ ಮೇಲೆ ‘ಧೂಮಪಾನ ನಿಷೇಧಿಸಲಾಗಿದೆ’ ಎಂದು ಬರೆದಿರಬೇಕು. ಬೇರೆ ಏನು ಬರೆದಿದ್ದರೂ ಅವನಿಗೆ ಒಂದಕ್ಷರ ಬರುವುದಿಲ್ಲ.

ಅವನಿಗೆ ಓದು ಕಲಿಸಿದ್ದು ಬರಗಾಲ. ಔರಾದ ತಾಲೂಕಿನ ನಮ್ಮೂರಿನಲ್ಲಿ ಮಳೆ ಕೈಕೊಟ್ಟ ವರ್ಷ ಮಂದಿ ಗಂಟು ಕಟ್ಟುತ್ತಾರೆ. ಒಂದು ಬರಕ್ಕೆ ಪುಣೆ, ಇನ್ನೊಂದಕ್ಕೆ ಹೈದರಾಬಾದು, ಮತ್ತೊಂದಕ್ಕೆ ಮುಂಬೈ. ನಮ್ಮಪ್ಪ, ಅವ್ವ ಮತ್ತು ಅಪ್ಪನ ತಮ್ಮನಾದ ಈ ಕಾಕಾ ಒಂದೇ ಗುಂಪಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಹೋದ ಊರಿನ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಕಾಕಾ ಬೀಡಿ ಹೊತ್ತಿಸುವುದು, ಯಾರೋ ಬಂದು ಬೈದು ಬೋರ್ಡು ತೋರಿಸುವುದು. ಆ ಊರಿನ ಲಿಪಿಯಲ್ಲಿ ಅವನ ಮೊದಲ ಪಾಠ ಅಲ್ಲಿಗೆ ಮುಗಿಯುತ್ತಿತ್ತು. ಎರಡನೆಯ ಪಾಠ ಯಾವ ಊರಿನಲ್ಲೂ ಆಗಲಿಲ್ಲ. ಇಂಗ್ಲಿಷನ್ನು ಯಾವುದೋ ಪೆಟ್ರೋಲ್ ಪಂಪಿನಲ್ಲಿ ಕಲಿತನಂತೆ, ಅಲ್ಲಿ ಗುರುಗಳು ಬಡಿಗೆಯನ್ನೂ ಹಿಡಿದಿದ್ದರಂತೆ.

ಕನ್ನಡ ಕಲಿಸಿದ್ದು ಮಾತ್ರ ಭಾಲ್ಕಿ. ಅಪ್ಪ ಅವ್ವ ಪುಣೆಯ ಕೆಲಸ ಬಿಟ್ಟು ಬರುವಂತಿರಲಿಲ್ಲ ಎಂದು ನನ್ನನ್ನು ಅಲ್ಲಿನ ಹಾಸ್ಟೆಲಿಗೆ ಬಿಡಲು ಬಂದವನು ಕಾಕಾ. ಗೇಟಿನಲ್ಲೇ ನಿಂತು ಬೀಡಿ ಹಚ್ಚಿದ. ವಾರ್ಡನ್ ಮೇಡಂ ಬೈಯಲಿಲ್ಲ, ಪಾಪ, ಟೀಚರಮ್ಮನ ರೂಢಿ. ಗೋಡೆಯ ಬೋರ್ಡಿನ ಒಂದೊಂದು ಅಕ್ಷರದ ಮೇಲೆ ಬೆರಳಿಟ್ಟು ದೊಡ್ಡದಾಗಿ ಓದಿಸಿದರು. ಕಾಕಾ ಕೈಕಟ್ಟಿ ಒಪ್ಪಿಸಿದ. ಹೀಗೆ ಆ ದಿನ ಆ ಹಾಸ್ಟೆಲಿನಲ್ಲಿ ನಮ್ಮ ಮನೆಯ ಇಬ್ಬರು ಓದಲು ಶುರು ಮಾಡಿದೆವು.

ಓದಿ ತಿಳಿದ ಮೇಲೆ ಕಾಯಿದೆ ಪಾಲಿಸಬೇಕಲ್ಲ? ಕಾಕಾ ಪಾಲಿಸುತ್ತಿದ್ದ, ತನ್ನ ರೀತಿಯಲ್ಲಿ. ಒಮ್ಮೆ ಭಾಲ್ಕಿಯಿಂದ ಬೀದರಿಗೆ ಬರುವ ಬಸ್ಸಿನಲ್ಲಿ, ಸರಿಯಾಗಿ ಬೋರ್ಡಿನ ಕೆಳಗೇ, ಬಾಯಲ್ಲಿ ಬೀಡಿ ಇಟ್ಟುಕೊಂಡು ಕುಳಿತಿದ್ದ. ಕಂಡಕ್ಟರ್ ಬಂದ.

“ಬೋರ್ಡು ಕಾಣಲ್ಲೇನು?”

“ಕಾಣ್ತದ್ರಿ. ಓದೀನಿ ಭಿ.”

“ಮತ್ತ ಬಾಯಾಗೇನು ಅದು?”

“ಬೀಡಿ. ಹಚ್ಚಿಲ್ಲಲ್ರಿ.”

“ಹಚ್ಚಲಿ ಬಿಡಲಿ, ಬಾಯಾಗ ಇಟ್ಕೊಂಡಿ ಅಂದ್ರ ಸೇದಿದಂಗ.”

ಕಾಕಾ ನಿಧಾನಕ್ಕೆ ಬಸ್ಸಿನ ತುಂಬಾ ಕಣ್ಣಾಡಿಸಿ, “ಹಂಗಾದ್ರ ಕಾಲಾಗ ಚಪ್ಪಲಿ ಹಾಕ್ಕೊಂಡು ಕುಂತವರೆಲ್ಲ ನಡೀಲತ್ತಾರೇನ್ರಿ?” ಅಂದ. ಕಂಡಕ್ಟರ್ ಮಂದಿಯ ಕಾಲುಗಳನ್ನೇ ನೋಡುತ್ತಾ ಮುಂದೆ ಹೋದನಂತೆ. ಬೀದರಿನಲ್ಲಿ ಇಳಿದ ಮೇಲೆ ಇಬ್ಬರೂ ಒಂದೇ ಕಡ್ಡಿಯಲ್ಲಿ ಹೊತ್ತಿಸಿಕೊಂಡರು ಎಂದು ಕೇಳಿದ್ದೇನೆ.

ಆದರೆ ಇವೆಲ್ಲ ಸಣ್ಣ ಹುಚ್ಚುಗಳು. ದೊಡ್ಡ ಹುಚ್ಚು ಬೇರೆ ಇತ್ತು. ಕಾಕಾನಿಗೆ ಬೀಡಿ ನೆನಪಾಗುವುದು ಊಟಕ್ಕೆ ಕರೆದಾಗ! ತಾಟು ಹಾಕಿ, ನೀರು ಇಟ್ಟು, ರೊಟ್ಟಿ ಬುಟ್ಟಿ ನಡುವೆ ಬಂತೆನ್ನುವಷ್ಟರಲ್ಲಿ ಅವನು ಎದ್ದುಬಿಡುತ್ತಿದ್ದ. “ನೀವು ಉಣ್ರಿ, ನಾ ಒಂದು ಬೀಡಿ ಸೇದಿ ಬರ್ತೀನಿ.” ಹೊರಗೆ ಕಡ್ಡಿ ಗೀರಿದ ಸಪ್ಪಳ ಕೇಳುತ್ತಿತ್ತು. ಎಲ್ಲರೂ ಉಂಡು ಕೈ ತೊಳೆದ ಮೇಲೆ ಒಳಗೆ ಬಂದು, ಬುಟ್ಟಿಯಲ್ಲಿ ಇಣುಕಿ, ಗೋಡೆಗೆ ಮುಖ ಮಾಡಿ ಕುಳಿತು ಏನೋ ಒಂದಿಷ್ಟು ತಿಂದು ಮುಗಿಸುತ್ತಿದ್ದ. ಮದುವೆ, ಮುಂಜಿ, ಮಣ್ಣು, ಯಾವ ಊಟವಾದರೂ ಇದೇ ಕಥೆ. ನನಗೆ ಬುದ್ಧಿ ಬಂದಾಗಿನಿಂದ ಕಾಕಾ ನನ್ನ ಎದುರು ಕುಳಿತು ಉಂಡದ್ದನ್ನು ನಾನು ನೋಡಿಲ್ಲ.

ನನ್ನ ಮದುವೆಯಲ್ಲಿ ಇದರಿಂದ ಫಜೀತಿಯೇ ಆಯಿತು. ಭಾಲ್ಕಿಯ ಬೀಗರು, ಸಾಲಾಗಿ ಹಾಸಿದ ಎಲೆ. ಹುಡುಗಿಯ ಕಾಕಾ ಎಂದು ಇವನನ್ನು ಮೊದಲ ಎಲೆಯ ಮುಂದೆ ಕೂರಿಸಿದ್ದರು. ಬಡಿಸುವವರು ಬಂದಾಗ ಇವನು ಎದ್ದು ಹೊರಟ. ನಮ್ಮ ಮಾವನವರಿಗೆ ಎದೆ ಒಡೆಯಿತು. ಮರ್ಯಾದೆಯಲ್ಲಿ ಏನು ಕಡಿಮೆಯಾಯಿತೋ, ಹೆಣ್ಣಿನ ಕಡೆಯವರು ಸಿಟ್ಟಾಗಿ ಎದ್ದುಬಿಟ್ಟರಲ್ಲ ಎಂದು ಹಿಂದೆಯೇ ಓಡಿ ಕೈಮುಗಿದು ನಿಂತರು. ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ, ಏನು ಬೇಕು ಹೇಳಿ, ಈಗಲೇ ತರಿಸುತ್ತೇವೆ ಅಂದರು. ಕಾಕಾ ಕಿಸೆ ತಡವಿಕೊಂಡು, ಬೀಡಿ ಅದ, ಕಡ್ಡಿ ಮುಗಿದಾವ, ಅದೊಂದು ಸಿಕ್ಕರೆ ಸಾಕು ಅಂದ. ಆ ಭಯದಲ್ಲಿ ನಮ್ಮ ಮಾವನವರು ಕಡ್ಡಿಪೆಟ್ಟಿಗೆಯ ಪೂರಾ ಪುಡಿಕೆಯನ್ನೇ ತರಿಸಿಕೊಟ್ಟರು. ನನ್ನ ಮದುವೆಯಲ್ಲಿ ನಮ್ಮ ಕಡೆಯವರಿಗೆ ಸಂದ ವರದಕ್ಷಿಣೆ ಅಂದರೆ ಅದೊಂದೇ.

ನಗುತ್ತಾ ಬರೆಯುತ್ತಿದ್ದೇನೆ; ಇಲ್ಲಿಂದ ಮುಂದೆ ನಗುವುದಕ್ಕೆ ಜಾಗ ಕಡಿಮೆ. ಇತ್ತೀಚಿನ ಬರದ ವರ್ಷ ಊರಿನಲ್ಲಿ ತೊಗರಿ ಹೂ ಬಿಡುವ ಮೊದಲೇ ಒಣಗಿತು. ಅರ್ಧ ಊರು ಗಾಡಿ ಹತ್ತಿತು. ಕಾಕಾನ ಮಗ, ಸೊಸೆ ತಮ್ಮ ಎರಡು ಕೂಸುಗಳನ್ನು ಕಾಕಾ-ಕಾಕಿಯ ಹತ್ತಿರ ಬಿಟ್ಟು ಹೈದರಾಬಾದಿಗೆ ಹೋದರು. ಈ ಸಲ ಗಾಡಿ ಹತ್ತದೆ ಉಳಿದವನು ಕಾಕಾ. ಹೋಗಲಿಲ್ಲ ಎಂದಲ್ಲ, ಹೋಗಲಾಗಲಿಲ್ಲ. ಕೆಮ್ಮು. ಹಗಲೂ ಕೆಮ್ಮು, ಮಲಗಿದರೂ ಕೆಮ್ಮು. ಮೈ ಹೇಗಾಗಿತ್ತೆಂದರೆ, ಅಂಗಿ ಒಂದು ಕಡೆ ನಡೆದರೆ ಕಾಕಾ ಇನ್ನೊಂದು ಕಡೆ ನಡೆಯುತ್ತಿದ್ದ.

ಬೀದರಿಗೆ ಕರೆಸಿಕೊಂಡೆ. ಡಾಕ್ಟರು ಚಿತ್ರ ತೆಗೆಸಿ, ಎದೆಯೊಳಗೆ ಗಂಟು ಇದೆ, ಚಿಕ್ಕದಿರುವಾಗಲೇ ಕತ್ತರಿಸಿ ತೆಗೆದರೆ ಬದುಕುತ್ತಾನೆ ಅಂದರು. ಹೈದರಾಬಾದು ನಮಗೆ ಹಿತ್ತಲಿದ್ದಂತೆ, ಆದರೆ ಕಾಕಾನ ಬಿಪಿಎಲ್ ಕಾರ್ಡಿನ ಮೇಲೆ ಪುಕ್ಕಟೆ ಚಿಕಿತ್ಸೆ ಸಿಗುವುದು ಬೆಂಗಳೂರಿನ ಸರಕಾರಿ ಆಸ್ಪತ್ರೆಯಲ್ಲಿ. ಅಲ್ಲಿನವರು ಎರಡು ಷರತ್ತು ಹಾಕಿದರು. ಒಂದು, ಬರುವ ತನಕ ಒಂದು ತಿಂಗಳು ಬೀಡಿ ಮುಟ್ಟಬಾರದು. ಬಂದ ದಿನ ಕೊಳವೆಯಲ್ಲಿ ಊದಿಸಿ ನೋಡುತ್ತಾರೆ, ಹೊಗೆಯ ಅಂಶ ಸಿಕ್ಕರೆ ವಾಪಸ್ ಕಳಿಸುತ್ತಾರೆ. ಎರಡು, ಚೆನ್ನಾಗಿ ಉಣಿಸಿ ಮೈ ತುಂಬಿಸಬೇಕು. ಇಷ್ಟು ಸೊರಗಿದ ದೇಹಕ್ಕೆ ಅವರು ಚಾಕು ಹಚ್ಚುವುದಿಲ್ಲ. ಆ ತಿಂಗಳು ಕಾಕಾನನ್ನು ಬೀದರಿನ ನೌಬಾದಿನಲ್ಲಿರುವ ನಮ್ಮ ಮನೆಯಲ್ಲೇ ಇಟ್ಟುಕೊಂಡೆ. ಅವನ ಬೀಡಿ ಕಟ್ಟನ್ನು ಅವನ ಕಣ್ಣೆದುರೇ ನೀರಿಗೆ ಹಾಕಿದೆ. ಅವನು ಸುಮ್ಮನೆ ನೋಡಿದ. ಆ ನೀರನ್ನಾದರೂ ಗಿಡಕ್ಕೆ ಹಾಕು, ಬರದಾಗ ನೀರು ಚೆಲ್ಲಬ್ಯಾಡ ಎಂದಷ್ಟೇ ಹೇಳಿದ.

ಮೊದಲ ದಿನವೇ ಊಟಕ್ಕೆ ಕುಳಿತಾಗ ಕಾಕಾ ಎದ್ದು ಹೊರಗೆ ಹೋದ. ಕಡ್ಡಿ ಗೀರಿದ ಸಪ್ಪಳ!

ನಾನು ಎಂಜಲುಗೈಯಲ್ಲೇ ಓಡಿದೆ. ಕಾಕಾ ಬೇವಿನ ಗಿಡದ ಕೆಳಗೆ ಕೈ ಬೀಸುತ್ತಾ ನಿಂತಿದ್ದ. ಗಂಧಕದ ವಾಸನೆ ಇತ್ತು. ಬೀಡಿಯ ವಾಸನೆ ಇರಲಿಲ್ಲ. ಬಾಯಿ ಮೂಸಿ ನೋಡಿದೆ, ನಾಚಿಕೆ ಬಿಟ್ಟು. ಏನೂ ಇಲ್ಲ. ಮರುದಿನವೂ ಅದೇ. ನಾನು ಕಾಲೇಜಿನಲ್ಲಿ ಪಾಠ ಹೇಳುವುದನ್ನು ಬಿಟ್ಟು ಪತ್ತೇದಾರಿಕೆಗೆ ಇಳಿದೆ. ಗಿಡದ ಬುಡ ಕೆದರಿದೆ, ಮೋರಿಯಲ್ಲಿ ಕೋಲಾಡಿಸಿದೆ, ಮಾಳಿಗೆ ಹತ್ತಿ ನೋಡಿದೆ. ಸುಟ್ಟ ಕಡ್ಡಿಗಳು ಬೇಕಾದಷ್ಟು ಸಿಕ್ಕವು, ಒಂದೇ ಒಂದು ಬೀಡಿ ತುಂಡು ಸಿಗಲಿಲ್ಲ. ನುಂಗಿಬಿಡುತ್ತಾನೋ ಏನೋ! ನಮ್ಮ ಮನೆಯವರು, ಬೀಡಿ ಸಿಗದೆ ಬರೀ ಕಡ್ಡಿ ಸೇದುತ್ತಿರಬೇಕು ಬಿಡು ಅಂದರು. ನನಗೆ ನಗು ಬರಲಿಲ್ಲ. ಎಷ್ಟು ಕೇಳಿದರೂ ಕಾಕಾ ಒಂದೇ ಮಾತು ಹೇಳುತ್ತಿದ್ದ, ಸೇದಿಲ್ಲವ್ವ, ನೀ ಉಣ್ಣು ಹೋಗು. ಕಡ್ಡಿಪೆಟ್ಟಿಗೆ ಕಸಿದರೆ ಮರುದಿನ ಇನ್ನೊಂದು ಬರುತ್ತಿತ್ತು. ಮೈಯೂ ತುಂಬಲಿಲ್ಲ. ನಾವೆಲ್ಲ ಮಲಗುವ ತಯಾರಿಯಲ್ಲಿರುವಾಗ ಅಡುಗೆಮನೆಯಲ್ಲಿ ಒಂದಿಷ್ಟು ಮುರಿದು ತಿಂದು, ಬುಟ್ಟಿಯಲ್ಲಿ ರೊಟ್ಟಿ ಉಳಿಸಿಯೇ ಏಳುತ್ತಿದ್ದ.

ಹೊರಡುವ ದಿನ ಹತ್ತಿರ ಬಂತು. ರೈಲಿನಲ್ಲಿ ಇಡೀ ರಾತ್ರಿ ಕೆಮ್ಮುತ್ತಾ ಕೂರುವ ಶಕ್ತಿ ಅವನಿಗಿರಲಿಲ್ಲ. ಬೀದರಿನಿಂದ ವಿಮಾನ ಇತ್ತು, ಹೋಗಬಹುದು ಎಂದು ಡಾಕ್ಟರೂ ಹೇಳಿದ್ದರು, ಟಿಕೇಟು ತೆಗೆಸಿದೆ. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲನೆಯವಳು ವಿಮಾನ ಹತ್ತುವ ಮೊದಲನೆಯವಳೂ ಆಗುತ್ತಿದ್ದೇನೆ ಎಂಬ ಜಂಬ, ಆ ದುಃಖದಲ್ಲೂ ಒಂದು ಮೂಲೆಯಲ್ಲಿ ಕುಳಿತಿತ್ತು, ಸುಳ್ಳು ಯಾಕೆ ಹೇಳಲಿ. ಓದಿದವಳಲ್ಲವೇ, ಮೊಬೈಲಿನಲ್ಲಿ ವಿಮಾನ ನಿಲ್ದಾಣದ ಕಾಯಿದೆಗಳನ್ನೆಲ್ಲ ಓದಿ, ಹಿಂದಿನ ದಿನ ಸಂಜೆ ಕಾಕಾನಿಗೆ ಬಿಡಿಸಿ ಹೇಳಿದೆ.

“ನೋಡು ಕಾಕಾ, ಬೀಡಿ ಸಿಗರೇಟು ಚೀಲದಾಗ ಒಯ್ಯಬಹುದು. ಆದರ ಕಡ್ಡಿಪೆಟ್ಟಿಗಿ, ಲೈಟರ್ ಒಯ್ಯಂಗಿಲ್ಲ.”

“ಹೂಂ.”

“ನಿಲ್ದಾಣದಾಗ ಸೇದಂಗಿಲ್ಲ. ವಿಮಾನದಾಗಂತೂ ಸೇದಂಗೇ ಇಲ್ಲ.”

“ಅಂದ್ರ ಎಮ್ಮಿ ಹೊಡ್ಕೊಂಡು ಬಾ ಅಂತಾರ, ಹಿಂಡಬ್ಯಾಡ ಅಂತಾರ.”

ದೊಡ್ಡ ದೊಡ್ಡ ನಿಲ್ದಾಣಗಳಲ್ಲಿ ಸೇದುವವರಿಗೆಂದೇ ಗಾಜಿನ ಖೋಲಿ ಇರುತ್ತದೆ, ಎಲ್ಲರೂ ಅದರೊಳಗೆ ನಿಂತು ಸೇದುತ್ತಾರೆ, ಬಾಗಿಲು ಮುಚ್ಚಿರುತ್ತದೆ ಎಂದೆ. ಅವನಿಗೆ ಅದು ಬಹಳ ಹಿಡಿಸಿತು. ಅಷ್ಟು ಮಂದಿ ಒಂದೇ ಖೋಲಿಯಲ್ಲಿ ಹೊಗೆ ಬಿಟ್ಟರೆ ಬೀಡಿ ಯಾಕೆ ಬೇಕು, ಒಳಗೆ ನಿಂತು ಉಸಿರಾಡಿದರೆ ಸಾಕಲ್ಲ, ಪುಕ್ಕಟೆ ಅಂದ. ಆಮೇಲೆ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವ ತನಕ ನಾನು ಅವನ ಬೆನ್ನ ಮೇಲೆ ಕೈ ಇಟ್ಟುಕೊಂಡು ಕುಳಿತೆ; ಅಂಗೈಗೆ ಬರೀ ಎಲುಬು ಸಿಗುತ್ತಿದ್ದವು.

ನಮ್ಮ ಬೀದರಿನ ವಿಮಾನ ನಿಲ್ದಾಣ ಗಾಜಿನ ಖೋಲಿಯ ದೊಡ್ಡಸ್ತಿಕೆಯದ್ದಲ್ಲ. ಬಸ್ ಸ್ಟ್ಯಾಂಡಿಗಿಂತ ಸಣ್ಣದು, ಆದರೆ ಸ್ವಚ್ಛ. ಒಳಗೆ ಹೊಕ್ಕ ಕೂಡಲೇ ಕಾಕಾ ಗೋಡೆ ನೋಡಿ, ಕನ್ನಡದಲ್ಲೊಮ್ಮೆ ಮರಾಠಿಯದೇ ಲಿಪಿಯ ಹಿಂದಿಯಲ್ಲೊಮ್ಮೆ ಇಂಗ್ಲಿಷಿನಲ್ಲೊಮ್ಮೆ ಜೋರಾಗಿ ಓದಿದ. ಮುಂದೆ ನಿಂತಿದ್ದ ದಂಪತಿ ತಿರುಗಿ, ಯಾರೋ ದೊಡ್ಡ ವಿದ್ವಾಂಸರು ಎಂದು ಜಾಗ ಬಿಟ್ಟುಕೊಟ್ಟರು.

ತಪಾಸಣೆಯ ಸಾಲಿನಲ್ಲಿ ನಮ್ಮ ಮುಂದೆ ಭಾಲ್ಕಿ ಕಡೆಯ ಒಬ್ಬ ತರುಣ. ಅವನ ಚೀಲದಿಂದ ಪೆನ್ನಿನಂಥದ್ದೊಂದನ್ನು ಭದ್ರತೆಯವನು ಎತ್ತಿ ಹಿಡಿದು, ಇದು ನಡೆಯುವುದಿಲ್ಲ ಎಂದು ಪಕ್ಕಕ್ಕಿಟ್ಟ. ತರುಣ ವಾದಕ್ಕಿಳಿದ. ಇದರಲ್ಲಿ ಬೆಂಕಿ ಇಲ್ಲ, ಬೂದಿ ಇಲ್ಲ, ಹೊಗೆಯೂ ಅಲ್ಲ, ಆವಿ. ಸಿಗರೇಟು ಒಯ್ಯಲು ಬಿಡುತ್ತೀರಿ, ಇದನ್ನು ಯಾಕೆ ಬಿಡುವುದಿಲ್ಲ? ಭದ್ರತೆಯವನು, ದೇಶದಲ್ಲೇ ಇದು ಬಂದ್ ಆಗಿದೆ, ಚೀಲದಲ್ಲೂ ಇಲ್ಲ ಕಿಸೆಯಲ್ಲೂ ಇಲ್ಲ ಎಂದು ಮಾತು ಮುಗಿಸಿದ. ಕಾಕಾ ಮುಂದೆ ಬಾಗಿ ತರುಣನನ್ನು ಕೇಳಿದ.

“ಏನಪ್ಪಾ ಅದು?”

“ಸಿಗರೇಟ್ ಕಾಕಾ. ಕರೆಂಟಿಂದು.”

“ಚಾರ್ಜ್ ಹಾಕಿ ಸೇದೋದಾ?”

“ಹೂಂ.”

“ನಮ್ಮೂರಾಗ ನಡ್ಯಲ್ಲ ಬಿಡು. ಕರೆಂಟ್ ಬಂದಾಗ ಮೋಟರ್ ಹಚ್ಚಬೇಕೋ, ಬೀಡಿ ಹಚ್ಚಬೇಕೋ?”

ತರುಣ ಸಿಟ್ಟು ಮರೆತು ನಕ್ಕುಬಿಟ್ಟ. ಮೋಟರ್ ಹಚ್ಚಿದರೆ ಎತ್ತಲು ಬಾವಿಯಲ್ಲಿ ನೀರಿಲ್ಲ ಎಂಬುದನ್ನು ಕಾಕಾ ಅವನಿಗೆ ಹೇಳಲಿಲ್ಲ.

ಈಗ ಕಾಕಾನ ಸರದಿ. ಭದ್ರತೆಯವನು ಮೈ ತಡವಿದ. ಅಂಗಿಯ ಕಿಸೆಯಿಂದ ಒಂದು ಕಡ್ಡಿಪೆಟ್ಟಿಗೆ ಬಂತು. ಬನಿಯನ್ನಿನ ಕಿಸೆಯಿಂದ ಇನ್ನೊಂದು. ಧೋತರದ ಗಂಟು ಬಿಚ್ಚಿಸಿದರೆ ಮತ್ತೊಂದು! ಬೀಡಿ ಒಯ್ಯಬಹುದು, ಕಡ್ಡಿ ಒಯ್ಯಬಾರದು ಎಂದು ಅಷ್ಟು ಬಿಡಿಸಿ ಹೇಳಿದ್ದೆನಲ್ಲ, ಇವನು ಬೀಡಿ ಬಿಟ್ಟು ಕಡ್ಡಿ ತಂದಿದ್ದ. ಭದ್ರತೆಯವನು ಬೀಡಿ ಎಲ್ಲಿ ಎಂದು ಕೇಳಿದ. ಇಲ್ಲ ಅಂದ. ಬೀಡಿ ಇಲ್ಲದ ಮನುಷ್ಯನಿಗೆ ಇಷ್ಟು ಕಡ್ಡಿ ಯಾಕೆ? ಅವನು ಕಾಕಾನನ್ನು ಊರಿಗೆ ಬೆಂಕಿ ಇಡಲು ಹೊರಟವನನ್ನು ನೋಡುವ ಹಾಗೆ ಮೇಲೆ ಕೆಳಗೆ ನೋಡಿದ. ಆಸ್ಪತ್ರೆಯ ಕಾಗದ ತೋರಿಸಿ, ಕೈಮುಗಿದು, ಮುದುಕನ ರೂಢಿ ಸರ್ ಎಂದು ನಾನು ಹೇಳಿದ ಮೇಲೆ ಪೆಟ್ಟಿಗೆಗಳನ್ನು ಡಬ್ಬಿಗೆ ಹಾಕಿ ನಮ್ಮನ್ನು ಒಳಗೆ ಬಿಟ್ಟ.

ಕಾಯುವ ಹಾಲಿನಲ್ಲಿ ಮೂಲೆಯ ಕುರ್ಚಿ ಹಿಡಿದು ಕುಳಿತೆವು. ನಾಳೆ ಆ ಕೊಳವೆಯಲ್ಲಿ ಊದಿದಾಗ ಡಾಕ್ಟರು ನನ್ನ ಮುಖ ನೋಡಿ ತಲೆ ಅಲ್ಲಾಡಿಸುವುದು, ಇವನನ್ನು ಹಾಗೇ ವಾಪಸ್ ಕರೆದುಕೊಂಡು ಬರುವುದು, ಆ ಗಂಟು ಒಳಗೇ ಬೆಳೆಯುವುದು, ಎಲ್ಲಾ ಕಣ್ಣ ಮುಂದೆ ಕಾಣುತ್ತಿತ್ತು.

“ಕಾಕಾ, ಖರೆ ಹೇಳು. ಸೇದ್ತಿದ್ದಿ ಅಂದ್ರ ಇಲ್ಲಿಂದೇ ಮನಿಗಿ ಹೋಗಮು. ಅಷ್ಟು ದೂರ ಹೋಗಿ ಇಲ್ಲ ಅನ್ನಿಸ್ಕೊಂಡು ಬರೋದು ನನ್ನ ಕೈಲಿ ಆಗಲ್ಲ.”

“ಡಾಕ್ಟರ್ ಹೇಳಿದ ದಿನಾನೇ ಬಿಟ್ಟೀನವ್ವ. ನಿನ್ನಾಣಿ.”

“ಮತ್ತ ಕಡ್ಡಿ?”

“ಕಡ್ಡಿ ಗೀರ್ತೀನಿ. ಖಾಲಿ ಕಡ್ಡಿ.”

“ಯಾಕ?”

ಎದುರಿನ ಗಾಜಿನಾಚೆ ಬಿಸಿಲಿಗೆ ಹೊಳೆಯುತ್ತಿದ್ದ ವಿಮಾನವನ್ನೇ ನೋಡುತ್ತಾ ಕುಳಿತ. ನಾನು ಬಿಡಲಿಲ್ಲ, ಮತ್ತೆ ಕೇಳಿದೆ. ಆಗ ತಗ್ಗಿದ ದನಿಯಲ್ಲಿ ಹೇಳಿದ.

“ಸಪ್ಪಳ ಆಗಬೇಕಲ್ಲ. ಒಳಗ ಉಣ್ಣೋರಿಗಿ ಕೇಳಬೇಕು, ಇಂವ ಬೀಡಿ ಸೇದ್ಲಾಕ ಹೋಗ್ಯಾನ ಅಂತ. ಇಲ್ಲಂದ್ರ ಉಣ್ಣಲ್ದೇ ಎದ್ದಾನ ಅಂತ ತಿಳೀತದ. ತಿಳೀತಂದ್ರ ಅವರಿಗೂ ತುತ್ತು ಇಳಿಯಲ್ಲ.”

ಆಮೇಲೆ ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ, ಯಾಕೆಂದರೆ ಅವನು ಅದನ್ನು ಕೆಮ್ಮಿನ ನಡುವೆ ತುಂಡು ತುಂಡಾಗಿ ಹೇಳಿದ, ನಡುನಡುವೆ ಹೋಗಲಿ ಬಿಡು ಅನ್ನುತ್ತಿದ್ದ. ನನ್ನನ್ನು ಹಾಸ್ಟೆಲಿಗೆ ಹಾಕುವ ಮೊದಲು ಒಂದು ಬರದ ಬೇಸಿಗೆ ನಾನೂ ಅವರ ಜೊತೆ ಪುಣೆಯಲ್ಲಿದ್ದೆ. ತಗಡಿನ ಶೆಡ್ಡು, ಸಿಮೆಂಟಿನ ಚೀಲದ ಹಾಸಿಗೆ ನನಗೆ ನೆನಪಿದೆ. ನೆನಪಿಲ್ಲದ್ದು ರೊಟ್ಟಿ ಬುಟ್ಟಿ. ಗುತ್ತೇದಾರ ಕೊಡುತ್ತಿದ್ದ ಹಿಟ್ಟು ಸಾಲುತ್ತಿರಲಿಲ್ಲವಂತೆ. ಊಟಕ್ಕೆ ಕುಳಿತಾಗ ನಮ್ಮವ್ವ ಬುಟ್ಟಿಯನ್ನೊಮ್ಮೆ, ನಮ್ಮ ಮುಖಗಳನ್ನೊಮ್ಮೆ ನೋಡುತ್ತಿದ್ದಳಂತೆ. ಆಕೆ ಹಾಗೆ ನೋಡುವುದನ್ನು ಇವನಿಗೆ ನೋಡಲಾಗುತ್ತಿರಲಿಲ್ಲ. ಎದ್ದು ಹೊರಗೆ ಹೋಗತೊಡಗಿದ. ಮೊದಮೊದಲು ಅಪ್ಪ ಕೈ ಹಿಡಿದು ಎಳೆದು ಕೂರಿಸುತ್ತಿದ್ದ. ಒಂದು ದಿನ ಪಕ್ಕದ ಶೆಡ್ಡಿನವನೊಬ್ಬ ಬೀಡಿ ಕೊಟ್ಟ. ಆವತ್ತು ಅಪ್ಪ ತಡೆಯಲಿಲ್ಲ.

“ಬೀಡಿ ಅಂದ್ರ ಯಾರೂ ತಡ್ಯಲ್ಲವ್ವ. ಚಟ ಅಂತ ಬಿಟ್ಬಿಡ್ತಾರ. ಹೊಟ್ಟಿನೂ ಅಷ್ಟೊತ್ತು ಸುಮ್ನ ಕುಂಡ್ರತದ.”

“ಅದು ಆವಾಗ, ಕಾಕಾ. ಈಗ ನನ್ನ ಮನ್ಯಾಗ ಏನ್ ಕಡಿಮಿ ಅದ?”

“ನಿನ್ನ ಮನ್ಯಾಗ ಏನೂ ಕಡಿಮಿ ಇಲ್ಲ. ದೇವರು ಛಲೋ ಇಟ್ಟಾನ.” ಅವನು ತನ್ನ ಖಾಲಿ ಕಿಸೆ ಮುಟ್ಟಿ ನೋಡಿಕೊಂಡ. “ನಮ್ಮ ಮನ್ಯಾಗ ಎರಡು ಕೂಸು ಅವ. ಈ ವರ್ಷ ಮತ್ತ ಬುಟ್ಟಿ ನೋಡೋದು ಬಂದದ. ಅಲ್ಲಿ ಏಳ್ತೀನಿ, ಇಲ್ಲಿ ಕುಂಡ್ರಂದ್ರ ಕಾಲು ಕೇಳಲ್ಲ.”

ನನ್ನ ಹತ್ತಿರ ಪದವಿಯಿದೆ, ಪದವಿಯ ಮೇಲೆ ಇನ್ನೊಂದು ಪದವಿಯಿದೆ. ಇಷ್ಟು ವರ್ಷ ಕೇಳಿದ ಆ ಕಡ್ಡಿಯ ಸಪ್ಪಳವನ್ನು ಓದಲು ಅವೆರಡೂ ಸಾಲಲಿಲ್ಲ. ವಿಮಾನಕ್ಕೆ ಕರೆ ಬಂತು. ಎದ್ದೆವು.

ಮುಂದೆ ಏನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮರುದಿನ ಬೆಂಗಳೂರಿನಲ್ಲಿ ಕಾಕಾ ಕೊಳವೆಯಲ್ಲಿ ಊದಿದ. ಹೊಗೆಯ ಸುಳಿವೂ ಇರಲಿಲ್ಲ; ಡಾಕ್ಟರು ಇವನ ಬೆನ್ನು ತಟ್ಟಿದರು. ಮೈ ಮಾತ್ರ ಸಾಲದು ಎಂದು ಹದಿನೈದು ದಿನ ವಾರ್ಡಿನಲ್ಲಿಟ್ಟು ಉಣಿಸಿ, ಆಮೇಲೆ ಕತ್ತರಿಸಿದರು. ಈಗ ಊರಲ್ಲಿದ್ದಾನೆ. ಒಂದು ಕಡೆಯ ಎದೆ ಅರ್ಧ ಖಾಲಿ, ನಾಲ್ಕು ಹೆಜ್ಜೆ ಹಾಕಿದರೆ ಕುಳಿತುಕೊಳ್ಳುತ್ತಾನೆ. ಮಗ ಸೊಸೆ ಇನ್ನೂ ಹೈದರಾಬಾದಿನಲ್ಲಿದ್ದಾರೆ. ಕೂಸುಗಳನ್ನು ನಾನು ನೌಬಾದಿಗೆ ಕರೆತಂದಿದ್ದೇನೆ. ಇಷ್ಟೇ. ನಾನು ಹೇಳಬೇಕೆಂದಿದ್ದು ವಿಮಾನದೊಳಗಿನ ಮಾತು.

ಕಾಕಾನನ್ನು ಕಿಟಕಿಯ ಪಕ್ಕ ಕೂರಿಸಿದ್ದೆ. ವಿಮಾನ ಮೇಲೇರುವಾಗ ಅವನು ಕಣ್ಣು ಮುಚ್ಚಲಿಲ್ಲ, ಕೆಳಗೆ ಬಿಳುಪೇರಿದ ಹೊಲಗಳನ್ನು ನೋಡುತ್ತಿದ್ದ. ಇಷ್ಟು ಎತ್ತರಕ್ಕೆ ಬಂದರೂ ಒಂದು ಹಸಿರು ಕಾಣಲ್ಲವಲ್ಲ ಅಂದ. ಸ್ವಲ್ಪ ಹೊತ್ತಿಗೆ ಮೂತ್ರಕ್ಕೆ ಹೋಗಿ ಬಂದ. ಬಂದವನ ಮುಖದಲ್ಲಿ ಬಹಳ ದಿನಗಳ ಮೇಲೆ ಒಂದು ಹೊಳಪು. ಪಾಯಖಾನೆಯ ಬಾಗಿಲಿಗೆ ಬೋರ್ಡು ಅದ, ಬೋರ್ಡಿನ ಕೆಳಗೇ ಬೂದಿ ಕೊಡವುವ ಡಬ್ಬಿ ಭಿ ಅದ ಅಂದ. ನನಗೆ ನಂಬಿಕೆಯಾಗಲಿಲ್ಲ. ಗಗನಸಖಿಯನ್ನು ಕರೆದು ಕೇಳಿದೆ. ಆ ಹುಡುಗಿ ನಕ್ಕು, ಇದೆ ಮೇಡಂ, ಸೇದಬಾರದು ನಿಜ, ಆದರೂ ಯಾರಾದರೂ ಸೇದಿಯೇಬಿಟ್ಟರೆ ಉರಿಯುವ ತುಂಡನ್ನು ಕಂಡಕಂಡಲ್ಲಿ ಎಸೆಯಬಾರದಲ್ಲ, ಅದಕ್ಕೇ ಎಂದಳು. ಕಾಕಾ ಬಹಳ ಹೊತ್ತು ತಲೆದೂಗಿದ.

“ಈ ಕಾಯಿದಿ ಬರ್ದಾಂವ ಮನಷ್ಯಾರ ಜೋಡಿ ಬಾಳೇ ಮಾಡ್ಯಾನ,” ಅಂದ.

ಊಟದ ಹೊತ್ತಾಗಿತ್ತು. ಮನೆಯಿಂದ ಕಟ್ಟಿಕೊಂಡು ಬಂದ ಖಡಕ್ ರೊಟ್ಟಿ, ಶೇಂಗಾದ ಹಿಂಡಿ, ಒಣ ಬದನೆಕಾಯಿ ಪಲ್ಯ ಬಿಚ್ಚಿದೆ. ರೊಟ್ಟಿಯ ವಾಸನೆ ಬಂತು ನೋಡಿ, ಕಾಕಾನ ಕೈ ತಾನಾಗಿ ಅಂಗಿಯ ಕಿಸೆಗೆ ಹೋಯಿತು. ಕಿಸೆಯಲ್ಲಿ ಏನೂ ಇರಲಿಲ್ಲ. ಏಳಲು ಹೋದ, ಕುರ್ಚಿಯ ಪಟ್ಟಿ ಹೊಟ್ಟೆಗೆ ಹಿಡಿದು ಕೂರಿಸಿತು.

“ನೀ ಉಣ್ಣವ್ವ, ನಾ ಹೊರಗ ಹೋಗಿ...” ಎಂದವನು ಕಿಟಕಿಯ ಕಡೆ ತಿರುಗಿದ. ಹೊರಗೆ ಮೋಡ ಇತ್ತು. ನಮ್ಮೂರ ಕಡೆ ಬಾರದ ಮೋಡ.

“ಎಲ್ಲಿಗಿ ಹೋಗ್ತಿ ಕಾಕಾ,” ಅಂದೆ.

ನಾನು ಅವನ ತೊಡೆಯ ಮೇಲೆ ಕಾಗದ ಹಾಸಿ ರೊಟ್ಟಿ ಇಟ್ಟೆ, ಹಿಂಡಿ ಹಾಕಿದೆ. ಅವನು ಮುಟ್ಟಲಿಲ್ಲ.

“ಎಲ್ಲಾರದ್ದೂ ಆಯ್ತೇನು?”

“ಎಲ್ಲಾರೂ ಈಗೇ ಉಣ್ಲತ್ತಾರ. ಎಲ್ಲಾರಿಗೂ ಅದ. ನೀನೇ ನೋಡು.”

ಕಾಕಾ ಖರೆಯೇ ನೋಡಿದ. ಮುಂದಿನ ಎರಡು ಕುರ್ಚಿಗಳ ಸಂದಿಯಿಂದ ಇಣುಕಿದ. ಕತ್ತು ಉದ್ದ ಮಾಡಿ ಹಿಂದಿನ ಸಾಲು ನೋಡಿದ. ಆ ಭಾಲ್ಕಿಯ ತರುಣ ಏನೋ ಜಗಿಯುತ್ತಿದ್ದ; ಒಬ್ಬ ತಾಯಿ ಮಗುವಿನ ಬಾಯಿಗೆ ಬಿಸ್ಕೀಟು ಇಡುತ್ತಿದ್ದಳು. ಕೊನೆಗೆ ನನ್ನ ಮಡಿಲಿನ ಡಬ್ಬಿಯೊಳಗೆ ಬಗ್ಗಿ ನೋಡಿದ. ಡಬ್ಬಿಯ ತುಂಬಾ ರೊಟ್ಟಿ ಇತ್ತು.

ಯಾರಾದರೂ ನೋಡುತ್ತಿದ್ದರೆ ಅವನಿಗೆ ತುತ್ತು ಇಳಿಯುವುದಿಲ್ಲ. ನಾನು ಮುಖವನ್ನು ಆ ಕಡೆ ತಿರುಗಿಸಿಕೊಂಡು, ನಡುವಿನ ದಾರಿಯನ್ನೇ ನೋಡುತ್ತಾ ಕುಳಿತೆ. ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ, ವಿಮಾನದ ಆ ಗದ್ದಲದಲ್ಲೂ, ನನ್ನ ಕಿವಿಯ ಪಕ್ಕದಲ್ಲೇ ರೊಟ್ಟಿ ಮುರಿದ ಸಪ್ಪಳ ಬಂತು.